ಮೊಟ್ಟೆಗೆ ಮುಚ್ಚಿಡೋಕೆ ಬರಲ್ಲ, ಅದಕ್ಕೇ ಬೈಸ್ಕೊಳ್ಳತ್ತೆ

ಸಂಪಾದಕರಿಗೆ ನಮಸ್ಕಾರ,

ಮೊಟ್ಟೆ ರೇಟು ಏರಿದ ಸುದ್ದಿ ಬಂದಾಗೆಲ್ಲ ಓದುಗರ ಅಂಕಣದಲ್ಲಿ ಎರಡೇ ತರದ ಪತ್ರ ಇರತ್ತೆ, ನೋಡ್ತಾನೇ ಇದೀನಿ. ಒಂದು, ಹಿಂಗಾದ್ರೆ ಜನ ಏನು ತಿನ್ಬೇಕು ಸ್ವಾಮಿ ಅನ್ನೋದು. ಇನ್ನೊಂದು ಬುದ್ಧಿವಂತರದ್ದು, ಮನೆ ಬಾಡಿಗೆ, ಸ್ಕೂಲ್ ಫೀಸು, ಆಸ್ಪತ್ರೆ ಬಿಲ್ಲು ಎಲ್ಲ ಬಿಟ್ಟು ಈ ಜನ ಒಂದು ಮೊಟ್ಟೆ ಹಿಂದೆ ಯಾಕೆ ಬಿದ್ದಿದಾರೆ ಅಂತ ನಗೋದು. ನಾನು ತುಂಬಾ ವರ್ಷ ಈ ಎರಡನೇ ಪಾರ್ಟಿ. ಅಕೌಂಟ್ಸ್ ಸೆಕ್ಷನ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಪರ್ಸೆಂಟೇಜ್ ಎಷ್ಟು ಅಂತ ಕೇಳದೆ ಯಾವ ಗಲಾಟೆಗೂ ಸೊಪ್ಪು ಹಾಕೋ ಜಾಯಮಾನ ಅಲ್ಲ ನಂದು. ಈಗ ಪೂರ್ತಿ ಅಲ್ದಿದ್ರೂ ಮುಕ್ಕಾಲು ಪಾಲು ಪಾರ್ಟಿ ಬದಲಾಯಿಸಿದೀನಿ, ಯಾಕೆ ಅಂತ ಹೇಳೋಕೆ ಈ ಪತ್ರ. ಸ್ವಲ್ಪ ಉದ್ದ ಆಗತ್ತೆ, ಕತ್ತರಿ ಹಾಕೋದಿದ್ರೆ ನಡುವೆ ಎಲ್ಲಾದ್ರೂ ಹಾಕಿ, ಕೊನೆಗೆ ಹಾಕ್ಬೇಡಿ, ಕೊನೇಲಿ ನಿಮ್ಮ ಹತ್ರಾನೇ ಒಂದು ಕೇಳೋದಿದೆ.

ಮನೆ ಲೆಕ್ಕ ಬರೆಯೋ ಚಟ ನಂದು. ಒಂದಿನ ನಮ್ಮನೆಯವ್ರ ಜೊತೆ ಇದೇ ವಿಷಯಕ್ಕೆ ವಾದ ಹತ್ತಿ, ಸರಿ ನೋಡೇಬಿಡೋಣ ಅಂತ ಪುಸ್ತಕ ತೆಗೀದೇನೆ ಒಂದು ಚೀಟೀಲಿ ಬರೆದೆ, ಹೋದ ವರ್ಷ ಏನೇನು ಜಾಸ್ತಿ ಆಯ್ತು ಅಂತ. ಮೊದಲನೇ ಸಾಲು ಮೊಟ್ಟೆ. ಆಮೇಲೆ ಪೆಟ್ರೋಲು, ಹಾಲು. ನಾಲ್ಕನೇದು ಹೊಳೀಲೇ ಇಲ್ಲ, ಪೆನ್ನು ಕಚ್ಕೊಂಡು ಕೂತೆ. ಆಮೇಲೆ ಪುಸ್ತಕ ತೆಗೆದು ನೋಡಿದ್ರೆ ನಗು ಬಂತು. ಹೆಲ್ತ್ ಇನ್ಶೂರೆನ್ಸ್ ಪ್ರೀಮಿಯಂ ಒಂದೇ ಏಟಿಗೆ ಎಷ್ಟು ಏರಿತ್ತು ಅಂದ್ರೆ, ಆ ಏರಿಕೆ ದುಡ್ಡಲ್ಲೇ ನಾವಿಬ್ರು ವರ್ಷ ಪೂರ್ತಿ ತಿನ್ನೋ ಮೊಟ್ಟೆ ಬಂದು ಇನ್ನೂ ಮಿಗ್ತಿತ್ತು. ಅದನ್ನ ಕಟ್ಟಿದ್ದು ನಾನೇ, ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇದೆ, ಆದ್ರೂ ಚೀಟೀಲಿ ಬರ್ಲಿಲ್ಲ. ವರ್ಷಕ್ಕೊಂದು ಸಲ ಫೋನಲ್ಲಿ ಒಂದು ಬಟನ್ ಒತ್ತಿ ಕಟ್ಟಿ ಮರೆತುಬಿಟ್ಟಿದ್ದೆ. ಮೊಟ್ಟೆ ಹಂಗಲ್ಲ, ವಾರಾ ವಾರಾ ತರ್ತೀನಿ. ಡಬ್ಬಿ ಮುಚ್ಚಳ ತೆಗೆದು ಒಂದೊಂದನ್ನೇ ಬೆರಳಲ್ಲಿ ಸ್ವಲ್ಪ ತಿರುಗಿಸಿ ನೋಡ್ತೀನಿ, ತಿರುಗದೆ ಅಂಟ್ಕೊಂಡಿದ್ರೆ ತಳದಲ್ಲಿ ಒಡೆದಿದೆ ಅಂತ ಲೆಕ್ಕ. ಇಷ್ಟು ಮುತುವರ್ಜಿ ಆ ಪಾಲಿಸಿ ಓದೋದ್ರಲ್ಲಿ ತೋರಿಸಿದ್ರೆ ಎಲ್ಲೋ ಇರ್ತಿದ್ರಿ ಅಂದ್ರು ನಮ್ಮನೆಯವ್ರು, ಅದು ಬೇರೆ ಮಾತು.

ಇದು ನನ್ನೊಬ್ಬನ ಮರೆವಲ್ಲ ಅಂತ ಆಮೇಲೆ ಗೊತ್ತಾಯ್ತು. ಡಕುಂಟೊ, ಮಲ್ಮೆಂಡಿಯರ್, ಒಸ್ಪಿನಾ, ವೆಬರ್ ಅನ್ನೋ ನಾಲ್ಕು ಜನ ಅರ್ಥಶಾಸ್ತ್ರಜ್ಞರು ಅಮೆರಿಕದ ಸಾವಿರಾರು ಮನೆಗಳ ದಿನಸಿ ಖರೀದಿ ಲೆಕ್ಕ ಇಟ್ಕೊಂಡು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಅದರ ಸಾರ ಇಷ್ಟೇ, ಬೆಲೆಯೇರಿಕೆ ಎಷ್ಟಿದೆ ಅಂತ ಜನ ಅಂದಾಜು ಕಟ್ಟೋವಾಗ ಯಾವುದಕ್ಕೆ ಜಾಸ್ತಿ ದುಡ್ಡು ಹೋಗತ್ತೆ ಅನ್ನೋದಕ್ಕಿಂತ ಯಾವುದನ್ನ ಜಾಸ್ತಿ ಸಲ ಕೊಳ್ತಾರೋ ಅದು ತಲೇಲಿ ಕೂತಿರತ್ತೆ, ಅದ್ರಲ್ಲೂ ಇಳಿದಿದ್ದಕ್ಕಿಂತ ಏರಿದ್ದು. ಬೆಲೆಯೇರಿಕೆ ಅಳೆಯೋ ಸರ್ಕಾರದ ಸೂಚ್ಯಂಕದ ಲೆಕ್ಕ ಬೇರೆ, ಅಲ್ಲಿ ಖರ್ಚಿನ ಪಾಲು ಎಷ್ಟೋ ತೂಕ ಅಷ್ಟು. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಮೊಟ್ಟೆಯ ತೂಕ ಶೇ 0.25ರಷ್ಟೂ ಇಲ್ಲ, ಬಾಡಿಗೆ-ವಸತಿದು ಶೇ 30ಕ್ಕಿಂತ ಮೇಲೆ. ನಮ್ಮ ನೆನಪಿನ ತಕ್ಕಡೀಲಿ ಇದು ಪೂರ್ತಿ ಉಲ್ಟಾ. ಬಾಡಿಗೆ ವರ್ಷಕ್ಕೊಂದು ಸಲ ಏರತ್ತೆ, ಒಂದು ತಿಂಗಳು ಹೊಟ್ಟೆ ಉರಿಯತ್ತೆ, ಎರಡನೇ ತಿಂಗಳಿಂದ ಅದೇ ಅಭ್ಯಾಸ. ಮೊಟ್ಟೆ ವಾರಕ್ಕೊಂದು ಸಲ ಗಾಯ ಕೆರೆಯತ್ತೆ.

ಆದ್ರೆ ಪದೇ ಪದೇ ಕೊಳ್ಳೋದು ಬೇರೆ ಎಷ್ಟೋ ಇದೆಯಲ್ಲ, ಸೋಪು, ಬಿಸ್ಕೆಟ್ಟು, ಟೂತ್‌ಪೇಸ್ಟು, ಅವು ಯಾಕೆ ಹೆಡ್‌ಲೈನ್ ಆಗಲ್ಲ? ನನ್ನ ಪ್ರಕಾರ ಅಸಲಿ ವಿಷಯ ಇಲ್ಲೇ ಇರೋದು. ಮೊಟ್ಟೆಗೆ ಕಳ್ಳಾಟ ಬರಲ್ಲ. ಬಿಸ್ಕೆಟ್ ಪ್ಯಾಕೆಟ್ಟಿನ ಬೆಲೆ ಹಂಗೇ ಇಟ್ಟು ಒಳಗಡೆ ಎರಡು ಬಿಸ್ಕೆಟ್ ಕಮ್ಮಿ ಮಾಡ್ಬಹುದು. ಸೋಪಿನ ಹೊಟ್ಟೇಲಿ ಒಂದು ಹಳ್ಳ ತೋಡಿ, ಹಿಡ್ಕೊಳ್ಳೋಕೆ ಸುಲಭ ಆಗ್ಲಿ ಅಂತ ಹೊಸ ಡಿಸೈನ್ ಅನ್ನಬಹುದು. ಚಿಪ್ಸ್ ಪ್ಯಾಕೆಟ್ಟಿನ ಗಾಳಿ ಬಗ್ಗೆ ಹೇಳೋದೇ ಬೇಡ. ಮೊಟ್ಟೇಲಿ ಏನು ಮಾಡ್ತೀರಿ? ಡಜನ್ ಅಂದ್ರೆ ಹನ್ನೆರಡು, ಹನ್ನೊಂದೂ ಮುಕ್ಕಾಲು ಇಟ್ಟು ಡಜನ್ ಅನ್ನೋಕಾಗಲ್ಲ. ನೀರು ಬೆರೆಸೋಕಾಗಲ್ಲ. ಈಗ ಹೊಸ ರುಚಿಯಲ್ಲಿ ಅಂತ ಚೀಟಿ ಅಂಟಿಸಿದ್ರೆ ಯಾರೂ ನಂಬಲ್ಲ. ಹೋದ ವಾರದ್ದೂ ಈ ವಾರದ್ದೂ ಪಕ್ಕಪಕ್ಕ ಇಟ್ರೆ ಅವಳಿ ಜವಳಿ ತರ ಇರತ್ತೆ, ಬದಲಾಗಿರೋದು ಬೆಲೆ ಒಂದೇ. ಬೇರೆಯವೆಲ್ಲ ಅರ್ಧ ಏರಿಕೇನ ಪ್ಯಾಕೆಟ್ ಒಳಗೆ ಬಚ್ಚಿಟ್ಟು ಅರ್ಧ ಹೊರಗೆ ತೋರಿಸ್ತಾವೆ, ಮೊಟ್ಟೆ ಮಾತ್ರ ಇದ್ದಿದ್ದನ್ನ ಇದ್ದಹಂಗೇ ಹೇಳತ್ತೆ. ಪಾಪ, ಅಂಗಡೀಲಿ ಇರೋ ಒಂದೇ ಒಂದು ಪ್ರಾಮಾಣಿಕ ಪದಾರ್ಥ, ಅದಕ್ಕೇ ಎಲ್ರ ಬೈಗುಳ. ಯಾರೋ ಒಬ್ರು ತಕರಾರು ತೆಗೀಬಹುದು, ಸೈಜ್ ಸಣ್ಣ ಆಗಲ್ವಾ ಅಂತ. ಆಗತ್ತೆ. ಆಗಷ್ಟೇ ಇಡೋಕೆ ಶುರು ಮಾಡಿದ ಎಳೇ ಕೋಳಿ ಮೊಟ್ಟೆ ಸಣ್ಣದೇ ಇರತ್ತೆ, ಹಳೇ ಹಿಂಡು ಹೋಗಿ ಹೊಸ ಹಿಂಡು ಬಂದಾಗ ಸಣ್ಣವು ಜಾಸ್ತಿ ಬರತ್ತೆ. ಆದ್ರೆ ಅದು ಕೋಳಿ ಮಾಡಿದ್ದು, ಮಾರ್ಕೆಟಿಂಗ್ ಡಿಪಾರ್ಟ್‌ಮೆಂಟ್ ಮೀಟಿಂಗ್ ಮಾಡಿ ಮಾಡಿದ್ದಲ್ಲ.

ಮೊಟ್ಟೆ ಅಂದ್ರೆ ಅಗ್ಗ ಅನ್ನೋದೂ ನಮ್ಮ ತಲೇಲಿ ಕೂತುಬಿಟ್ಟಿದೆ. ಜಪಾನಿನಲ್ಲಿ ಅದಕ್ಕೊಂದು ಅಡ್ಡಹೆಸರೇ ಇದೆ, ಬೆಲೆಗಳ ಕ್ಲಾಸಿನ ಒಳ್ಳೇ ಮಾರ್ಕ್ಸ್ ತೆಗೆಯೋ ಹುಡುಗ ಅನ್ನೋ ಅರ್ಥದ್ದು, ಬೇರೆ ಎಲ್ಲ ಏರಿದ್ರೂ ದಶಕಗಟ್ಟಲೆ ಅದೊಂದು ಅಲ್ಲೇ ಇತ್ತು ಅಂತ. 2022-23ರ ಚಳಿಗಾಲದಲ್ಲಿ ಹಕ್ಕಿಜ್ವರ ಬಂದು ಅಲ್ಲಿ 1.7 ಕೋಟಿಗೂ ಜಾಸ್ತಿ ಕೋಳಿ ಕೊಂದಮೇಲೆ ಬೆಲೆ ಹಾರಿ, ಹೋಟೆಲಿನವರು ಮೊಟ್ಟೆ ಐಟಂಗಳನ್ನ ಮೆನುವಿಂದ ತೆಗೆಯೋ ಹಂಗಾಯ್ತು. ದಿನಾ ಕಿಟಕಿ ಗಾಜು ಒಡೆಯೋ ಹುಡುಗ ಇನ್ನೊಂದು ಒಡೆದ್ರೆ ಯಾರೂ ತಲೆ ಕೆಡಿಸ್ಕೊಳಲ್ಲ, ಫಸ್ಟ್ ಬರೋ ಹುಡುಗ ಫೇಲಾದ್ರೆ ಬೀದಿಗೆಲ್ಲ ಸುದ್ದಿ. ಇನ್ನೊಂದು ಸಂಕಟಾನೂ ಇದೆ. ಮಾಂಸ ತುಟ್ಟಿ ಆದ್ರೆ ಜನ ಒಂದು ಮೆಟ್ಟಿಲು ಇಳಿದು ಮೊಟ್ಟೆಗೆ ಬರ್ತಾರೆ. ಮೊಟ್ಟೇನೇ ತುಟ್ಟಿ ಆದ್ರೆ ಇಳಿಯೋಕೆ ಕೆಳಗೆ ಮೆಟ್ಟಿಲೇ ಕಾಣಲ್ಲ. ಹಂಗಾಗಿ ಗೊಣಗ್ತಾ ಗೊಣಗ್ತಾ ತಗೊಂಡೇ ತಗೋತಾರೆ, ಬೇಕರಿಯವನಿಗಂತೂ ಬಿಡೋಕೇ ಆಗಲ್ಲ.

ಇಷ್ಟಾದ್ರೂ ವರ್ಷಕ್ಕೆ ನೂರಕ್ಕೆ ಐದೋ ಆರೋ ಏರಿ ಸುಮ್ನಾಗಿದ್ರೆ ಇಷ್ಟು ಗಲಾಟೆ ಆಗ್ತಿರ್ಲಿಲ್ಲ. ಅದು ಏರಲ್ಲ, ಜಿಗಿಯತ್ತೆ. ಯಾಕೆ ಅಂತ ಕೋಳಿನೇ ಕೇಳ್ಬೇಕು. ಒಂದು ಮೊಟ್ಟೆ ಒಳಗಡೆ ತಯಾರಾಗೋಕೆ 24ರಿಂದ 26 ಗಂಟೆ ಬೇಕು, ಒಳ್ಳೇ ಲೇಯರ್ ಕೋಳಿ ವರ್ಷಕ್ಕೆ 300ರ ಆಸುಪಾಸು ಇಡತ್ತೆ, ಮುಗೀತು. ರೇಟು ಬಂದಿದೆ ಅಂತ ಓವರ್‌ಟೈಮ್ ಮಾಡಿಸೋಕಾಗಲ್ಲ. ಹೊಸ ಕೋಳಿ ಬೇಕು ಅಂದ್ರೆ ಕಾವಿಗೆ 21 ದಿನ, ಮರಿ ಬೆಳೆದು ಮೊದಲ ಮೊಟ್ಟೆ ಇಡೋಕೆ ಸುಮಾರು 18ರಿಂದ 20 ವಾರ, ಅದೂ ಶೆಡ್ ತೊಳೆದು, ಔಷಧಿ ಹೊಡೆದು, ವೈರಸ್ ಇಲ್ಲ ಅಂತ ಖಾತ್ರಿ ಆದ್ಮೇಲೆ. ಅಕ್ಕಿ ಗೋಧಿ ತರ ಗೋಡೌನ್ ತುಂಬ ವರ್ಷಗಟ್ಟಲೆ ದಾಸ್ತಾನು ಇಡೋ ವಸ್ತುನೂ ಅಲ್ಲ. ಹಕ್ಕಿಜ್ವರದ ನಿಯಮ ಏನಪ್ಪ ಅಂದ್ರೆ, ಫಾರಂನಲ್ಲಿ ಎಚ್‌5ಎನ್‌1 ಅನ್ನೋ ಆ ಜ್ವರದ ವೈರಸ್ ಕಾಣಿಸಿಕೊಂಡ್ರೆ ಕಾಯಿಲೆ ಬಂದಿದ್ದು ಬರದೇ ಇದ್ದಿದ್ದು ಅಂತ ನೋಡಲ್ಲ, ಇಡೀ ಹಿಂಡನ್ನೇ ಕೊಲ್ತಾರೆ. ಅಮೆರಿಕದಲ್ಲಿ ಒಂದೊಂದು ಫಾರಂನಲ್ಲೇ ಹತ್ತು ಲಕ್ಷಕ್ಕೂ ಮೇಲೆ ಕೋಳಿ ಇರೋದುಂಟು, ಅಲ್ಲಿಗೆ ದಿನಕ್ಕೆ ಎಷ್ಟು ಮೊಟ್ಟೆ ಖೋತಾ ಅಂತ ನೀವೇ ಲೆಕ್ಕ ಹಾಕಿ. 2022ರ ಫೆಬ್ರವರಿಲಿ ಅಲ್ಲಿ ಶುರುವಾದ ಈ ರೋಗ 2025ರ ಹೊತ್ತಿಗೆ ಕೋಳಿ, ಟರ್ಕಿ, ಬಾತು ಎಲ್ಲ ಸೇರಿ 16 ಕೋಟಿಗೂ ಜಾಸ್ತಿ ಹಕ್ಕಿ ಬಲಿ ತಗೊಂಡಿತ್ತು. ಮಾಲು ಕಮ್ಮಿ, ಕೊಳ್ಳೋದನ್ನ ಬಿಡೋರು ಯಾರೂ ಇಲ್ಲ, ಇಂಥ ಕಡೆ ಪೂರೈಕೆ ಸ್ವಲ್ಪ ಕುಸಿದ್ರೂ ಬೆಲೆ ಅದರ ಎಷ್ಟೋ ಪಟ್ಟು ಹಾರತ್ತೆ. 2023ರ ಆಗಸ್ಟ್‌ನಲ್ಲಿ ಡಜನ್‌ಗೆ ಸರಾಸರಿ 2 ಡಾಲರ್ ಚಿಲ್ರೆ ಇದ್ದಿದ್ದು 2025ರ ಮಾರ್ಚ್‌ನಲ್ಲಿ 6.23 ಡಾಲರ್. ಆ ಜನವರಿ ಒಂದೇ ತಿಂಗಳಲ್ಲಿ ಮೊಟ್ಟೆ ಶೇ 15.2 ಏರಿ, ಅಲ್ಲಿಯ ದಿನಸಿ ಬೆಲೆಯ ಒಟ್ಟು ಏರಿಕೇಲಿ ಸುಮಾರು ಮೂರನೇ ಎರಡು ಪಾಲು ಅದೊಂದರದ್ದೇ ಆಗಿತ್ತು. ಶೇ 0.25 ತೂಕಾನೂ ಇಲ್ಲದ ವಸ್ತು! ನಮ್ಮ ಎರಡನೇ ಪಾರ್ಟಿಯವರು ಇದಕ್ಕೆ ಏನಂತಾರೋ. ಅದರ ಮುಂದಿನ ತಿಂಗಳು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಂದು ಟ್ರೈಲರ್‌ನಿಂದ ಕಳ್ಳರು ಸುಮಾರು 1 ಲಕ್ಷ ಮೊಟ್ಟೆ ಎಗರಿಸಿದ್ರು. ನಾನು ಹನ್ನೆರಡು ತರೋವಾಗಲೇ ಒಂದು ಒಡೆಯತ್ತೆ, ಅವರು ಅಷ್ಟನ್ನೂ ಕತ್ತಲಲ್ಲಿ ಹೆಂಗೆ ಸಾಗಿಸಿದ್ರೋ.

ಎಲ್ಲ ಸಲಾನೂ ವೈರಸ್ಸೇ ಕಾರಣ ಅಲ್ಲ ಅನ್ನಿ. ನ್ಯೂಜಿಲೆಂಡ್‌ನಲ್ಲಿ 2023ರ ಜನವರಿ 1ರಿಂದ ಕೋಳಿನ ಇಕ್ಕಟ್ಟು ಪಂಜರದಲ್ಲಿ ಸಾಕೋದು ನಿಷೇಧ ಆಗಿ ಮೊಟ್ಟೆ ಕೊರತೆ ಬಂತು, ಜನ ಮನೇಲೇ ಸಾಕ್ತೀವಿ ಅಂತ ಆನ್‌ಲೈನಲ್ಲಿ ಕೋಳಿ ಹುಡುಕೋಕೆ ಬಿದ್ರು. ಗೂಡು, ಮೇವು, ಔಷಧಿ ಎಲ್ಲ ಸೇರಿಸಿ ಆ ಮೊದಲನೇ ಮೊಟ್ಟೆ ಎಷ್ಟಕ್ಕೆ ಬಿತ್ತು ಅಂತ ಲೆಕ್ಕ ಬರೆಯೋನನ್ನ ಮಾತ್ರ ಕೇಳ್ಬೇಡಿ.

ಇಂಥ ವಸ್ತು ರಾಜಕಾರಣಿಗಳ ಕಣ್ಣಿಗೆ ಬೀಳದೇ ಇರತ್ತಾ? 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜೆ.ಡಿ. ವ್ಯಾನ್ಸ್ ಪ್ರಚಾರಕ್ಕೆ ಅಂತ ಸೂಪರ್‌ಮಾರ್ಕೆಟ್‌ಗೆ ಹೋಗಿ, ಡಜನ್ ಮೊಟ್ಟೆ 4 ಡಾಲರ್ ಹತ್ರ ಆಗಿದೆ ನೋಡಿ ಅಂತ ಕ್ಯಾಮೆರಾಗೆ ಹೇಳ್ತಿದ್ರೆ ಬೆನ್ನ ಹಿಂದಿನ ಬೋರ್ಡ್ ಮೇಲೆ 2.99 ಅಂತ ಕಾಣ್ತಿತ್ತು. ರಷ್ಯಾದ ಕಥೆ ಇನ್ನೂ ಮಜಾ. 2023ರಲ್ಲಿ ಅಲ್ಲಿ ಮೊಟ್ಟೆ ಶೇ 40ಕ್ಕೂ ಮೇಲೆ ಏರಿತ್ತು. ಡಿಸೆಂಬರ್ 14ರ ನೇರಪ್ರಸಾರದಲ್ಲಿ ಪೆನ್ಷನ್ ತಗೊಳ್ಳೋ ಹೆಂಗಸೊಬ್ರು ಇದರ ಬಗ್ಗೆ ದೂರು ಹೇಳಿದಾಗ ಪುಟಿನ್ ವಿಷಾದಿಸ್ತೀನಿ, ಕ್ಷಮಿಸಿ, ಇದು ಸರ್ಕಾರದ ಕೆಲಸದಲ್ಲಿ ಆದ ಲೋಪ ಅಂದ್ರು. ಯುದ್ಧ ನಡೆಸ್ತಿರೋ ಮನುಷ್ಯ ಕ್ಷಮೆ ಕೇಳಿದ್ದು ಮೊಟ್ಟೆಗೆ. ಅದಾದ್ಮೇಲೆ ಆಮದು ಸುಂಕ ತೆಗೆದು ಹೊರಗಿಂದ ತರಿಸಿದ್ರು. ಅದನ್ನ ಓದಿದಾಗ ನಂಗನ್ನಿಸಿದ್ದು, ಜನ ಬೇರೆ ಯಾವುದರ ಬಗ್ಗೆನೂ ಬಾಯಿ ಬಿಡೋಕಾಗದ ಜಾಗದಲ್ಲೂ ಮೊಟ್ಟೆ ರೇಟು ಕೇಳಬಹುದು, ಅದನ್ನ ಅಂಕಿಅಂಶ ತೋರಿಸಿ ಸುಳ್ಳು ಅನ್ನೋಕೆ ಯಾರಿಗೂ ಆಗಲ್ಲ, ಎಲ್ರೂ ಮೊನ್ನೆ ಮೊನ್ನೆ ಕೊಂಡು ತಂದಿರ್ತಾರೆ.

ನಾನು ಪೂರ್ತಿ ಪಾರ್ಟಿ ಬದಲಾಯಿಸದೇ ಇರೋದು ಎಲ್ಲಿ ಅಂದ್ರೆ ಇಲ್ಲಿ. ಮೊಟ್ಟೆ ಥರ್ಮಾಮೀಟರ್ ಹೌದು, ಆದ್ರೆ ಅದು ತೋರಿಸೋದು ಹೆಚ್ಚಾಗಿ ಕೋಳಿಯ ಜ್ವರಾನ. ಅದನ್ನ ನೋಡಿ ಇಡೀ ದೇಶದ ಆರ್ಥಿಕ ಸ್ಥಿತಿ ಹಿಂಗಾಗಿದೆ, ಇಂಥ ಸರ್ಕಾರ ಮುಳುಗಿಸಿತು, ಇಂಥವರು ಬಂದು ಎತ್ತಿದ್ರು ಅನ್ನೋದು, ತನ್ನ ಕೋಳಿ ಕೂಗಿದ್ರಿಂದಲೇ ಊರಿಗೆ ಬೆಳಗಾಗತ್ತೆ ಅಂದ್ಕೊಂಡಿದ್ದ ಅಜ್ಜಿ ಕಥೆ ತರ. ಬೆಲೆ ಇಳಿದಾಗ ನಾವೇ ಇಳಿಸಿದ್ದು ಅಂತ ಭಾಷಣ ಮಾಡೋರೆಲ್ಲ ಆ ಅಜ್ಜಿ ಮೊಮ್ಮಕ್ಕಳೇ, ಎರಡೂ ಕಡೆಯವರು. ಹಿಂಡು ಮತ್ತೆ ಬೆಳೆದು ಇಡೋಕೆ ಶುರು ಮಾಡಿರತ್ತೆ, ಅಷ್ಟೇ.

ಅದಕ್ಕಿಂತ ಬೇಜಾರು ಏನಂದ್ರೆ, ಏರೋವಾಗ ಇರೋ ಗಮನ ಇಳಿಯೋವಾಗ ಇರಲ್ಲ, ನಿಜವಾಗ್ಲೂ ನೋಡ್ಬೇಕಾಗಿರೋದು ಆಗಲೇ. 2025ರ ಮಾರ್ಚ್‌ನ 6.23 ದಾಖಲೆ ಅಂದ್ನಲ್ಲ, ಅದೇ ತಿಂಗಳಲ್ಲಿ ಹೋಲ್‌ಸೇಲ್ ಬೆಲೆ ಅರ್ಧಕ್ಕಿಂತ ಕೆಳಗೆ ಬಿದ್ದಿತ್ತು. ಅಂದ್ರೆ ಫಾರಂನಲ್ಲಿ ಬಿದ್ದಿದೆ, ಅಂಗಡೀಲಿ ದಾಖಲೆ. ಬೆಲೆ ರಾಕೆಟ್ ತರ ಏರತ್ತೆ, ಪುಕ್ಕದ ತರ ಇಳಿಯತ್ತೆ ಅಂತ ಅರ್ಥಶಾಸ್ತ್ರದವರು ಹೇಳೋದುಂಟು, ಪೆಟ್ರೋಲ್ ನೋಡಿ ಹೇಳಿದ್ದಂತೆ, ಪುಕ್ಕ ಅನ್ನೋದು ಇಲ್ಲಿಗೇ ಸರಿಯಾಗಿ ಹೊಂದತ್ತೆ. ಆ ನಡುವಿನ ವಾರಗಳಲ್ಲಿ ದುಡ್ಡು ಯಾರ ಜೇಬಲ್ಲಿ ಕೂರತ್ತೆ? ಅಮೆರಿಕದ ಅತಿ ದೊಡ್ಡ ಮೊಟ್ಟೆ ಕಂಪನಿ ಕಾಲ್-ಮೇನ್, 2025ರ ಮಾರ್ಚ್ 1ಕ್ಕೆ ಮುಗಿದ ಮೂರು ತಿಂಗಳಲ್ಲಿ ತೋರಿಸಿದ ನಿವ್ವಳ ಲಾಭ 50 ಕೋಟಿ ಡಾಲರ್‌ಗೂ ಮೇಲೆ, ಹಿಂದಿನ ವರ್ಷ ಅದೇ ಅವಧಿಯ ಮೂರುಪಟ್ಟಿಗಿಂತ ಜಾಸ್ತಿ. ಕೊರತೆ ಇದ್ದಾಗ ಕೋಳಿ ಉಳಿದವನಿಗೆ ಲಾಭ ಬರೋದು ಸಹಜ, ಅದ್ರಲ್ಲೇ ಕಳ್ಳತನ ಇದೆ ಅಂತ ನಾನು ಹೇಳ್ತಿಲ್ಲ. ಆದ್ರೆ ಅದೇ ದೇಶದಲ್ಲಿ 2000ದ ದಶಕದಲ್ಲಿ ದೊಡ್ಡ ದೊಡ್ಡ ಉತ್ಪಾದಕರು ಕೂಡಿ ಪೂರೈಕೆ ಬಿಗಿ ಹಿಡಿದು ಬೆಲೆ ಏರಿಸಿದ್ರು ಅಂತ ಇಲಿನಾಯ್ ರಾಜ್ಯದ ಫೆಡರಲ್ ಜ್ಯೂರಿ ತೀರ್ಪು ಕೊಟ್ಟಿದ್ದು 2023ರ ಕೊನೇಲಿ. ಹದಿನೈದು ವರ್ಷ ಆದ್ಮೇಲೆ! 2025ರ ಮಾರ್ಚ್‌ನಲ್ಲಿ ಈ ಸಲದ ಏರಿಕೆ ಬಗ್ಗೆ ಅಲ್ಲಿಯ ನ್ಯಾಯ ಇಲಾಖೆ ತನಿಖೆ ಶುರು ಮಾಡ್ತು. ಜನ ಇಷ್ಟು ಗಲಾಟೆ ಮಾಡದೇ ಇದ್ದಿದ್ರೆ ಆ ಫೈಲು ಅಷ್ಟು ಬೇಗ ತೆರೀತಿತ್ತಾ, ನಂಗೆ ಡೌಟು. ಮೊಟ್ಟೆ ಗಲಾಟೆ ನೋಡಿ ನಗೋರಿಗೆ ನಾನು ಈಗ ಹೇಳೋದು ಇದನ್ನೇ.

ಈಗ ನಿಮ್ಮ ಹತ್ರ ಕೇಳೋದು. ಮೊಟ್ಟೆ ಏರಿದಾಗ ಮುಖಪುಟದಲ್ಲಿ ಫೋಟೋ ಸಮೇತ ಹಾಕ್ತೀರಿ, ಹಾಕಿ, ಬೇಡ ಅನ್ನಲ್ಲ. ಆದ್ರೆ ಆವತ್ತಿಂದ ದಿನಾ ಒಳಪುಟದಲ್ಲಾದ್ರೂ ಒಂದು ಪುಟ್ಟ ಚೌಕ ಕೊಡಿ, ಫಾರಂ ಬೆಲೆ ಇಷ್ಟು, ಅಂಗಡಿ ಬೆಲೆ ಇಷ್ಟು ಅಂತ ಎರಡೇ ಸಾಲು, ಅದು ಪೂರ್ತಿ ಕೆಳಗೆ ಇಳಿಯೋವರೆಗೂ ನಿಲ್ಲಿಸ್ಬೇಡಿ. ಜಾಗ ಮಿಕ್ಕಿದ್ರೆ ತಿಂಗಳಿಗೊಂದು ಸಲ ಪಕ್ಕದಲ್ಲಿ ಒಂದು ಸೋಪು, ಒಂದು ಬಿಸ್ಕೆಟ್ ಪ್ಯಾಕೆಟ್ ತೂಗಿ ಗ್ರಾಂ ಎಷ್ಟು ಬಂತು ಅಂತನೂ ಹಾಕಿ. ತೂಗೋಕೆ ಜನ ಇಲ್ಲ ಅಂದ್ರೆ ಹೇಳಿ, ನಮ್ಮನೇಲಿ ತಕ್ಕಡಿ ಇದೆ, ನಂಗೂ ಬೇರೆ ಕೆಲಸ ಇಲ್ಲ.

ಇಂತಿ,
ಲೆಕ್ಕದ ಪುಸ್ತಕದ ಒಬ್ಬ ಓದುಗ

ಮತ್ತೆ ಇನ್ನೊಂದು, ಆ ಇನ್ಶೂರೆನ್ಸ್ ಪಾಲಿಸಿ ಓದೋಕೆ ಶುರು ಮಾಡಿದೀನಿ. ಮೂವತ್ತೆಂಟು ಪುಟ ಇದೆ, ಇವತ್ತಿಗೆ ನಾಲ್ಕನೇ ಪುಟ.